ಚಲುವರಾಜು ಮತ್ತು ಕತ್ತಿನ ನೆಟಿಕೆ

ನನ್ನ ಮೈದುನ ಚಲುವರಾಜು ತಲೆ ಮೇಲೆ ಕೈ ಇಟ್ಟರೆ ಎಂಥವರೂ ಕಣ್ಣು ಮುಚ್ಚುತ್ತಿದ್ದರು. ಹೊಗಳಿಕೆಗೆ ಬರೆಯುತ್ತಿಲ್ಲ, ಕಣ್ಣಾರೆ ಕಂಡದ್ದು. ಶ್ರೀರಂಗಪಟ್ಟಣದ ಒಂದು ಲಾಡ್ಜಿನಲ್ಲಿ ರೂಮು ಗುಡಿಸಿ ಹಾಸಿಗೆ ಬಟ್ಟೆ ಬದಲಾಯಿಸುವ ಕೆಲಸ ನನ್ನದು. ಯಜಮಾನರು ತೀರಿಕೊಂಡ ಮೇಲೆ ಹಿಡಿದ ಕೆಲಸ. ಓದಿದ್ದು ಮೂರನೇ ಕ್ಲಾಸು, ಆದರೆ ನೋಡಿದ್ದು ಮರೆಯುವುದಿಲ್ಲ. ಆ ಮಧ್ಯಾಹ್ನದ್ದಂತೂ ಮರೆಯಬೇಕೆಂದರೂ ಆಗುತ್ತಿಲ್ಲ.

ನಮ್ಮೂರು ಪಾಂಡವಪುರಕ್ಕೆ ಹತ್ತಿರ. ಊರಲ್ಲಿ ಗರಡಿಮನೆ ಇತ್ತು. ನಾನು ಮದುವೆಯಾಗಿ ಬಂದಾಗ ಚಲುವರಾಜು ಇನ್ನೂ ಚಡ್ಡಿ ಹುಡುಗ. ಗರಡಿಯ ಕೆಮ್ಮಣ್ಣು ಮೆತ್ತಿಕೊಂಡು ಮನೆಗೆ ಬಂದು ನನ್ನ ಹತ್ತಿರ ಬೈಸಿಕೊಳ್ಳುತ್ತಿದ್ದ. ಕುಸ್ತಿಯಾದ ಮೇಲೆ ಒಬ್ಬರಿಗೊಬ್ಬರು ಎಣ್ಣೆ ಹಾಕಿ ತಿಕ್ಕುವುದು ಗರಡಿಯ ಪದ್ಧತಿ. ಅದನ್ನೇ ಮಾಲೀಸು ಅನ್ನುತ್ತಾರೆ. ಕೊನೆಗೆ ಕತ್ತು. ಒಂದು ಕೈ ಗದ್ದದ ಕೆಳಗೆ, ಇನ್ನೊಂದು ಕೈ ತಲೆಯ ಹಿಂದೆ. ಕೂತವನು ಮೈ ಸಡಿಲ ಬಿಡಬೇಕು. ಬಿಟ್ಟ ತಕ್ಷಣ ಒಂದೇ ಏಟಿಗೆ ಪಕ್ಕಕ್ಕೆ ತಿರುಗಿಸಿದರೆ ಲಟಕ್ ಅನ್ನುತ್ತದೆ. ಅದಕ್ಕೆ ನೆಟಿಕೆ ತೆಗೆಯುವುದು ಎನ್ನುತ್ತಾರೆ. ಸದ್ದು ಬರದಿದ್ದರೆ ಕೂತವನು ಏಳುವುದಿಲ್ಲ, ಇನ್ನೊಂದು ಸಲ ತೆಗಿಲಾ ಅನ್ನುತ್ತಾನೆ. ಕಟಿಂಗ್ ಶಾಪಿನವರೂ ಕೂದಲು ಕತ್ತರಿಸಿದ ಮೇಲೆ ಇದನ್ನು ಮಾಡಿಯೇ ಕಳಿಸುತ್ತಾರೆ. ಹೆದರಬೇಕಾದ ಕೆಲಸ ಎಂದು ಯಾರೂ ಅಂದುಕೊಂಡವರಲ್ಲ.

ಮಂಡಿಗೆ ಏಟಾದ ಮೇಲೆ ಚಲುವರಾಜು ಕುಸ್ತಿ ಬಿಟ್ಟ. ಒಂದು ದಿನ ನನ್ನನ್ನು ಲಾಡ್ಜಿಗೆ ಬಿಡಲು ಮೊಪೆಡ್ಡಿನಲ್ಲಿ ಬಂದಿದ್ದ. ಟೂರಿಸ್ಟ್ ಬಸ್ಸಿನ ಡ್ರೈವರ್ ಒಬ್ಬ ಜಗಲಿಯಲ್ಲಿ ಕೂತು ಭುಜ ಹಿಡಿದುಕೊಂಡು ನರಳುತ್ತಿದ್ದ. ಇವನು ಸುಮ್ಮನಿರಲಾರದೆ ಎಣ್ಣೆ ತರಿಸಿ ತಿಕ್ಕಿದ, ನೆಟಿಕೆ ತೆಗೆದ. ಡ್ರೈವರ್ ಎದ್ದು ಗೂಬೆಯ ಹಾಗೆ ಕತ್ತು ಆ ಕಡೆ ಈ ಕಡೆ ತಿರುಗಿಸಿ ನಕ್ಕ. ಅದನ್ನು ಮ್ಯಾನೇಜರ್ ಶಿವಶಂಕರ್ ನೋಡಿದರು. ಮಾರನೆಯ ದಿನವೇ ಕೌಂಟರಿನ ಮೇಲೆ ಚೀಟಿ ಅಂಟಿತು: ತಲೆ, ಭುಜದ ಮಾಲೀಸು, ರೂಮಿಗೇ ಬರುತ್ತಾರೆ.

ಊರಲ್ಲಿ ಆಡಿಕೊಂಡರು. "ಗೌಡ್ರ ಮಗ ಕಂಡೋರ ತಲೆ ತಿಕ್ಕಕೆ ಓಯ್ತಾನಂತೆ." ಇವನ ಹೆಂಡತಿ ಚಿಕ್ಕಬೋರಮ್ಮ ಅವರಿಗಿಂತ ಒಂದು ಕೈ ಮೇಲು. "ಊರೋರ ತಲೆಗೆಲ್ಲ ಎಣ್ಣೆ ಮೆತ್ತುತ್ತಾನೆ, ನನ್ ತಲೆ ನೋಡಿ, ಒಣಗಿದ ತೆಂಗಿನ ನಾರು" ಅನ್ನುತ್ತಿದ್ದಳು. ಇವನು ನಗುತ್ತಿದ್ದ. ಕೆಲಸಕ್ಕೆ ಅವನದೇ ಕಟ್ಟುನಿಟ್ಟು ಇತ್ತು. ಗಂಡಸರಿಗೆ ಮಾತ್ರ. ರೂಮಿನ ಬಾಗಿಲು ತೆರೆದೇ ಇರಬೇಕು. ಬಂದವರು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಬೇಕು, ಮಂಚದ ಮೇಲೆ ಅಲ್ಲ. ಕೊಬ್ಬರಿ ಎಣ್ಣೆ ಬೆಚ್ಚಗಿರಬೇಕು. ಎಣ್ಣೆ ಬೆಚ್ಚಗೆ ಮಾಡಿಕೊಡುವುದು ನಾನು.

ಹೋದ ವರ್ಷ ಕಾರ್ತಿಕ ಮಾಸ. ಚಿತ್ರದುರ್ಗದ ಕಡೆಯಿಂದ ಗಂಡ ಹೆಂಡತಿ ಬಂದಿದ್ದರು. ಜಯರಾಮಯ್ಯ ಎಂದು, ರಿಟೈರ್ ಆದ ಮೇಷ್ಟ್ರು. ಹೆಂಡತಿ ಶಾರದಮ್ಮ. ಹೊಸಹೊಳಲು, ಮೇಲುಕೋಟೆ ನೋಡಿಕೊಂಡು ಬಂದು ನಮ್ಮಲ್ಲಿ ಇಳಿದಿದ್ದರು. ಮೇಲುಕೋಟೆಯ ಮೆಟ್ಟಿಲು ಹತ್ತಿ ಇಳಿದು ಮೇಷ್ಟ್ರಿಗೆ ಭುಜ, ಕತ್ತು ಎಲ್ಲ ಹಿಡಿದುಕೊಂಡಿತ್ತು. ಶಾರದಮ್ಮ ರಂಗನಾಥಸ್ವಾಮಿ ಗುಡಿಗೆ ಹೋದರು. ಮೇಷ್ಟ್ರು ರೂಮಿನಲ್ಲಿ ಉಳಿದು ಚಲುವರಾಜುವನ್ನು ಕರೆಸಿದರು.

ನಾನು ತೊಳೆದ ಬೆಡ್‌ಶೀಟು ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ಏನಪ್ಪಾ ಪೈಲ್ವಾನ್, ನನ್ನ ಎಲುಬು ಉಳಿಸ್ತೀಯೋ ಇಲ್ವೋ?" ಎಂದರು ಮೇಷ್ಟ್ರು.

"ಎಣಿಸ್ಕೊಂಡೇ ಕುಂತ್ಕಳಿ ಮೇಷ್ಟ್ರೆ, ಎಣಿಸ್ಕೊಂಡೇ ಎದ್ದೇಳಿ" ಎಂದ ಇವನು.

ತಲೆ ತಿಕ್ಕಿದ. ಭುಜ ಹಿಸುಕಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ತಮ್ಮ ಶಾಲೆಯ ಮಕ್ಕಳ ತುಂಟತನ ಹೇಳುತ್ತ ನಗಿಸುತ್ತಿದ್ದರು. ಎಲ್ಲ ಮುಗಿಯಿತು ಅನ್ನುವಾಗ ಅವರೇ ಕೇಳಿದರು, "ಕತ್ತಿಂದು ಲಟಕ್ ಅನ್ನಿಸೋದಿಲ್ವೇನಪ್ಪ? ನಮ್ಮೂರ ಕ್ಷೌರಿಕ ಅನ್ನಿಸ್ತಾನೆ."

ಇವನು ಗದ್ದ ಹಿಡಿದು ತಿರುಗಿಸಿದ. ಬಲಕ್ಕೆ ಸದ್ದು ಬಂತು. ಎಡಕ್ಕೆ ಇನ್ನೂ ಜೋರಾಗಿ ಬಂತು. ಮೇಷ್ಟ್ರು ಆಹಾ ಎಂದರು. ಎದ್ದು ಟವೆಲ್ ಹೊದೆಯಲು ಹೋದವರು ಹಾಗೇ ಮತ್ತೆ ಕುರ್ಚಿಗೆ ಕುಸಿದರು.

"ಯಾಕೋ ರೂಮೆಲ್ಲ ತಿರುಗ್ತಾ ಇದೆಯಲ್ಲಪ್ಪ."

"ಎಣ್ಣೆ ತಂಪು ಮೇಷ್ಟ್ರೆ, ವಸಿ ಹೊತ್ತು ಕುಂತ್ಕಳಿ" ಎಂದು ಇವನು ನೀರಿನ ಲೋಟ ಚಾಚಿದ. ಬಲಗೈಯಲ್ಲಿ ಟವೆಲ್ ಇತ್ತು, ಅವರು ಎಡಗೈ ನೀಡಿದರು. ಕೈ ಲೋಟದ ತನಕ ಬಂತು, ಹಿಡಿಯಲಿಲ್ಲ. ಲೋಟ ಬಿದ್ದು ಮಂಚದ ಕೆಳಗೆ ಉರುಳಿತು. ಅವರು ಏನೋ ಹೇಳಿದರು. ಮಾತು ಬಾಯಲ್ಲೇ ಕಲಸಿದ ಹಾಗೆ ಬಂತು, ತುಟಿ ಒಂದು ಕಡೆ ಜಾರಿತ್ತು.

ಚಲುವರಾಜು ನಕ್ಕ. "ತಮಾಸೆ ಮಾಡ್ಬ್ಯಾಡಿ ಮೇಷ್ಟ್ರೆ" ಎಂದ. ಅಲ್ಲಿತನಕ ಅವರು ತಮಾಷೆಯನ್ನೇ ಮಾಡುತ್ತಿದ್ದರಲ್ಲ. ಆಮೇಲೆ ಅವರು ವಾಂತಿ ಮಾಡಿಕೊಂಡರು. ಇವನ ಮುಖದಲ್ಲಿ ನಗು ಹಾಗೇ ನಿಂತಿತ್ತು, ಕಣ್ಣು ಮಾತ್ರ ಬೇರೆಯಾಗಿತ್ತು. ಆ ಮುಖ ನನಗೆ ಈಗಲೂ ಕಾಣುತ್ತದೆ. ನನ್ನ ಕೈಯಿಂದ ಬೆಡ್‌ಶೀಟು ಯಾವಾಗ ಬಿತ್ತೋ ಗೊತ್ತಿಲ್ಲ.

ಕೂಗಿದೆ. ಶಿವಶಂಕರ್ ಓಡಿ ಬಂದರು. ಆಟೋದಲ್ಲಿ ಮೇಷ್ಟ್ರ ತಲೆ ಇವನ ತೊಡೆ ಮೇಲೆ, ಕಾಲು ನನ್ನ ತೊಡೆ ಮೇಲೆ. ಡ್ರೈವರ್ ಪಕ್ಕ ಕೂತ ಶಿವಶಂಕರ್ ಹಿಂದಕ್ಕೆ ತಿರುಗಿ ಇವನಿಗೆ ಸಣ್ಣ ದನಿಯಲ್ಲಿ ಹೇಳಿದರು. "ಬಚ್ಚಲಲ್ಲಿ ಜಾರಿ ಬಿದ್ರು ಅನ್ನು. ನೀನು ಮುಟ್ಟೇ ಇಲ್ಲ. ಗೊತ್ತಾಯ್ತೇನ್ಲಾ? ಜೈಲಿಗೆ ಓಯ್ತೀಯ. ನಮ್ ಲಾಡ್ಜಿಗೂ ಬೀಗ ಬೀಳ್ತದೆ."

ಇವನು ಮೇಷ್ಟ್ರ ಕತ್ತು ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಇದ್ದರು. ಕಣ್ಣಿಗೆ ಟಾರ್ಚು ಬಿಟ್ಟರು, ಕೈ ಎತ್ತಿಸಿದರು. "ಏನಾಯ್ತು?" ಎಂದರು.

"ಬಚ್ಚಲಲ್ಲಿ ಜಾರಿ ಬಿದ್ರು ಮೇಡಂ" ಎಂದರು ಶಿವಶಂಕರ್.

ಡಾಕ್ಟ್ರಮ್ಮ ಮೇಷ್ಟ್ರ ತಲೆಯಲ್ಲೆಲ್ಲ ಬೆರಳಾಡಿಸಿ ಪೆಟ್ಟು ಹುಡುಕಿದರು. ಸಿಗಲಿಲ್ಲ. ಬೆರಳಿಗೆ ಎಣ್ಣೆ ಅಂಟಿತು, ಮೂಸಿ ನೋಡಿದರು. "ಬಿದ್ದಾಗ ತಲೆ ಎಲ್ಲಿಗೆ ತಗುಲ್ತು? ಯಾರು ನೋಡಿದ್ದು?"

ಶಿವಶಂಕರ್ ಚಪ್ಪಲಿ ಕಾಲಿನಿಂದ ಇವನ ಕಾಲು ತುಳಿದದ್ದು ನನಗೆ ಕಾಣಿಸಿತು. ಇವನು ಬಾಯಿ ಬಿಟ್ಟರೆ ಇವನ ಗತಿ ಏನು, ಬಿಡದಿದ್ದರೆ ಆ ಮೇಷ್ಟ್ರ ಗತಿ ಏನು.

"ಬೀಳ್ಲಿಲ್ಲ ಕಣವ್ವ" ಎಂದ ಚಲುವರಾಜು. "ಕತ್ತು ತಿರುಗುಸ್ದೆ. ನಾನೇ. ಎರ್ಡು ಕಡೀಕೂ."

ಡಾಕ್ಟ್ರಮ್ಮ ಬರೆಯುವುದು ನಿಲ್ಲಿಸಿ ಅವನ ಕೈ ನೋಡಿದರು. ಆಮೇಲೆ ಎಲ್ಲ ಬಹಳ ಬೇಗ ನಡೆಯಿತು. ಮೈಸೂರಿಗೆ ಫೋನು ಮಾಡಿ, ಕತ್ತು ತಿರುಗಿಸಿದ್ದಾರಂತೆ, ಮೊದಲು ಕತ್ತಿನ ರಕ್ತನಾಳ ನೋಡಿ ಎಂದು ಜೋರಾಗಿ ಹೇಳಿದರು. ಆಂಬುಲೆನ್ಸ್ ಬರುವುದರೊಳಗೆ ಇವನಿಗೂ ಹೇಳಿದರು. ಮಿದುಳಿಗೆ ರಕ್ತ ಹೋಗುವ ಕೊಳವೆ ಕತ್ತಿನ ಮೂಳೆಯ ಸಂದಿಯಲ್ಲೇ ಹಾದು ಹೋಗುತ್ತದೆ, ಹಾಗೆ ಎಳೆದು ತಿರುಗಿಸಿದರೆ ಒಮ್ಮೊಮ್ಮೆ ಆ ಕೊಳವೆ ಒಳಗೇ ಸೀಳಿಹೋಗುತ್ತದೆ ಎಂದು.

"ಎಷ್ಟು ವರ್ಷದಿಂದ ಮಾಡ್ತಿದ್ದೀರಿ ಇದನ್ನ?"

"ಮೀಸೆ ಬರಕ್ ಮುಂಚಿಂದ."

"ಇಷ್ಟು ದಿನ ಯಾರಿಗೂ ಏನೂ ಆಗಿಲ್ಲ ಅನ್ನೋದು ನಿಮ್ಮ ಅದೃಷ್ಟ. ಬೈದಿಲ್ಲ ಅಂತ ತಿಳ್ಕೋಬೇಡಿ, ಬೈಯೋಕೆ ಟೈಮಿಲ್ಲ."

ಇವನು ಹೊರಗೆ ಬಂದು ಗೋಡೆಗೆ ಒರಗಿ ಕುಕ್ಕರಿಸಿದ. ಮನೆಯವರ ಹೆಸರು, ಗರಡಿಯವರ ಹೆಸರು ಒಂದೊಂದೇ ಬಾಯಲ್ಲಿ ಬರತೊಡಗಿದವು. "ಗರಡಿ ಮರಿಸ್ವಾಮಿಗೆ ವಾರವಾರ ತೆಗ್ದೀವ್ನಿ ಅತ್ಗೆ. ಬೀಗ್ರಿಗೆ ತೆಗ್ದೀವ್ನಿ. ನನ್ ಮಗ್ಳು ರಂಜಿತಂಗೆ ತಲೆನೋವು ಅಂದ್ರೆ ಅವ್ಳ್ಗೂ ತೆಗ್ದೀವ್ನಿ. ಇಷ್ಟ್ ಇಷ್ಟ್ ಕತ್ತು ಅತ್ಗೆ ಅವ್ಳ್ದು." ಎರಡು ಬೆರಳು ಸೇರಿಸಿ ತೋರಿಸಿದ.

ಅಷ್ಟು ಹೊತ್ತಿಗೆ ಸುದ್ದಿ ತಿಳಿದು ಶಾರದಮ್ಮ ಬಂದರು. ಕೈಯಲ್ಲಿ ಗುಡಿಯ ಪ್ರಸಾದದ ಪೊಟ್ಟಣ ಇತ್ತು. ಯಾರೋ ಅದನ್ನು ತೆಗೆದಿಟ್ಟುಕೊಳ್ಳಲು ಹೋದರೆ ಬಿಡಲಿಲ್ಲ, ಹಿಡಿದುಕೊಂಡೇ ಆಂಬುಲೆನ್ಸ್ ಹತ್ತಿದರು.

ಮೇಷ್ಟ್ರು ಉಳಿದರು. ಮಾತು ಬಂತು. ಕೋಲು ಹಿಡಿದು ನಡೆಯುತ್ತಾರೆ, ಎಡಗೈಯಲ್ಲಿ ಮಾತ್ರ ಬಲ ಪೂರ್ತಿ ಬಂದಿಲ್ಲ. ಪೊಲೀಸರು ಕೇಳಿದ್ದಕ್ಕೆ, ನಾನೇ ಬಾಯಿಬಿಟ್ಟು ಕೇಳಿ ಮಾಡಿಸಿಕೊಂಡದ್ದು, ಕೇಸು ಬೇಡ ಎಂದುಬಿಟ್ಟರಂತೆ. ಶಿವಶಂಕರ್ ಕೌಂಟರಿನ ಚೀಟಿ ಕಿತ್ತರು. "ಇನ್ ಈ ಕಡೆ ತಲೆ ಆಕ್ಬ್ಯಾಡ ಕಣ್ಲಾ" ಎಂದರು. ಅದಕ್ಕೆ ಇವನಿಗೆ ಬೇಜಾರೂ ಆದಂತೆ ಕಾಣಲಿಲ್ಲ.

ಮೇಷ್ಟ್ರು ಇನ್ನೂ ಮೈಸೂರಿನ ಆಸ್ಪತ್ರೆಯಲ್ಲಿದ್ದಾಗ ಇವನು ನೋಡಲು ಹೋದ, ನಾನೂ ಜೊತೆಯಲ್ಲಿ ಹೋದೆ. ಶಾರದಮ್ಮ ವರಾಂಡದಲ್ಲಿ ಸಿಕ್ಕರು. ಇವನು ಅಷ್ಟು ದೊಡ್ಡ ಆಳು ದಬಕ್ಕನೆ ಅವರ ಕಾಲಿಗೆ ಬಿದ್ದ. ಅವರು ಬೆಂಕಿ ತಾಗಿದವರಂತೆ ಹಿಂದಕ್ಕೆ ಸರಿದರು.

"ಏಳಿ ಮೇಲೆ. ನೀವೊಬ್ಬರೇನಾ ಇದನ್ನ ಮಾಡೋದು?"

"ಇಲ್ಲ ಕಣವ್ವ. ಎಲ್ಲಾ ಕಡೇನೂ ಮಾಡ್ತಾರೆ."

"ಹಾಗಾದ್ರೆ ನನ್ನ ಕಾಲು ಹಿಡೀಬೇಡಿ. ಹೋಗಿ ಅವರಿಗೆ ಹೇಳಿ."

ಅಂದಿನಿಂದ ಅವನಿಗೆ ಅದೇ ಕೆಲಸ. ಹಸು ಕರೆದು ಡೈರಿಗೆ ಹಾಲು ಹಾಕಿ ಬಸ್ಸು ಹತ್ತುತ್ತಾನೆ. ಮೊದಲು ನಮ್ಮೂರ ಗರಡಿ, ಆಮೇಲೆ ಪಾಂಡವಪುರದ ಕಟಿಂಗ್ ಶಾಪುಗಳು, ಆಮೇಲೆ ಶ್ರೀರಂಗಪಟ್ಟಣದವು. ಕೆಲವರು ಕೇಳಿಸಿಕೊಂಡರು. ಹುಚ್ಚು ಹಿಡಿದಿದೆ ಎಂದವರೇ ಜಾಸ್ತಿ. ಗರಡಿಯ ಹುಡುಗರು "ಕತ್ತಣ್ಣ ಬಂದ" ಎಂದು ಹೆಸರಿಟ್ಟರು.

ಮೊನ್ನೆ ನನ್ನ ತಂಗಿಯನ್ನು ನೋಡಲು ಕೆ.ಆರ್.ಪೇಟೆಗೆ ಹೊರಟಿದ್ದೆ. ಇವನೂ ಬಂದ. ಬಸ್ ಸ್ಟ್ಯಾಂಡಿನ ಹಿಂದೆ ಕುಳ್ಳಯ್ಯನ ಕಟಿಂಗ್ ಶಾಪು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ಇಲ್ಲದ ಅಂಗಡಿ, ಒಳಗಿನದೆಲ್ಲ ಕಾಣುತ್ತದೆ. ಇವನು ನಡೆದದ್ದನ್ನು ಹೇಳಿ, ಕತ್ತು ತಿರುಗಿಸಬೇಡ ಎಂದ.

ಕುಳ್ಳಯ್ಯ ಬಾಚಣಿಗೆ ಒರೆಸುತ್ತ ನಕ್ಕ. "ನಿಂದು ಗರಡಿ ಕೈ ಕಣಣ್ಣ, ಎತ್ತಿನ ಕೊಂಬು ಹಿಡಿಯೋ ಕೈ. ನಂದು ಹೂ ಎತ್ತೋ ಕೈ. ಎಲ್ಡನ್ನೂ ಒಂದೇ ತಕ್ಕಡೀಲಿ ಆಕ್ತೀಯಲ್ಲ!" ಕಾಯುತ್ತಿದ್ದವರೆಲ್ಲ ನಕ್ಕರು.

"ಅಂಗಾದ್ರೆ ಕುಂತ್ಕೊ" ಎಂದ ಚಲುವರಾಜು. "ನಿನ್ ಕತ್ತು ನಾನು ತೆಗೀತೀನಿ."

ಕುಳ್ಳಯ್ಯ ಬಿಗುಮಾನ ಬಿಡದೆ ತನ್ನ ಕುರ್ಚಿಯಲ್ಲಿ ತಾನೇ ಕೂತ. ಇವನು ಹಿಂದೆ ನಿಂತು ಒಂದು ಕೈಯನ್ನು ಗದ್ದಕ್ಕೆ, ಇನ್ನೊಂದನ್ನು ತಲೆಯ ಹಿಂದಕ್ಕೆ ಕೊಟ್ಟ. ಅಂಗಡಿಯಲ್ಲಿ ನಗು ನಿಂತಿತು. ಕನ್ನಡಿಯಲ್ಲಿ ಕುಳ್ಳಯ್ಯನ ಕಣ್ಣು ಅಗಲವಾದದ್ದು ನನಗೆ ಹೊರಗಿನಿಂದಲೇ ಕಾಣಿಸಿತು.

"ಬ್ಯಾಡ... ಬುಡಣ್ಣ. ಬುಡಣ್ಣೋ!"

ಇವನು ಬಿಟ್ಟ. "ನಿನ್ ಅಂಗ್ಡಿಗ್ ಬಂದೋರೂ ಮನುಸ್ರೇ ಕಣಪ್ಪ" ಎಂದಷ್ಟೇ ಹೇಳಿ ಹೊರಗೆ ಬಂದ. ಕುಳ್ಳಯ್ಯ ಕುರ್ಚಿಯಲ್ಲೇ ಕೂತು ತನ್ನ ಕತ್ತನ್ನು ತಾನೇ ಸವರಿಕೊಳ್ಳುತ್ತಿದ್ದ.

ಬಸ್ ಸ್ಟ್ಯಾಂಡಿನಲ್ಲಿ ಚಲುವರಾಜು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

"ಯಾಕಪ್ಪ ಚಲುವ? ಒಳ್ಳೆ ಕೆಲ್ಸಾನೇ ಮಾಡ್ದೆ. ಇನ್ ಅವ್ನು ಜಲ್ಮದಲ್ಲಿ ತೆಗಿಯಲ್ಲ" ಎಂದೆ.

"ಅವ್ನ ಎದರ್ಸನ ಅಂತ ಇಡ್ಕಂಡೆ ಅತ್ಗೆ. ಇಡ್ಕಂಡ್ ಮ್ಯಾಲೆ ಕೈ ತಂತಾನೆ ಬಿಗಿಯಾಗೋಯ್ತು. ನಾನು ಏನೂ ಅಂದ್ಕಳ್ಲಿಲ್ಲ. ಅವ್ನು ಕೂಗ್ದೆ ಇದ್ದಿದ್ರೆ ತಿರುಗುಸ್ಬುಡ್ತಿದ್ದೆ ಕಣತ್ಗೆ."

ನನ್ನ ಹತ್ತಿರ ಬೈಸಿಕೊಂಡು ಬೆಳೆದ ಹುಡುಗ, ಅವನ ಪಕ್ಕದಲ್ಲಿ ಕೂರುವುದಕ್ಕೆ ಆ ಗಳಿಗೆ ನನಗೆ ಭಯವಾಯಿತು. ಹಾಗೆಂದು ಎದ್ದು ಹೋಗಲಿಲ್ಲ. ಮುಂದಿನ ವಾರ ನಾಗಮಂಗಲಕ್ಕೆ ಹೋಗುತ್ತೇನೆ ಎಂದು ಬರುವಾಗ ಹೇಳಿದ್ದ.

"ನಾಗಮಂಗಲದಲ್ಲಿ ಬಾಯಲ್ಲಿ ಯೋಳು, ಸಾಕು" ಎಂದೆ. "ಯಾರ ಗದ್ದಕ್ಕೂ ಕೈ ಆಕ್ಬ್ಯಾಡ."

ಹೂಂ ಎಂದು ತಲೆ ಅಲ್ಲಾಡಿಸಿದ. ಬಸ್ಸು ಬರುವ ತನಕ ಕೈ ಹೊರಗೆ ತೆಗೆಯಲಿಲ್ಲ.