ಅಮಾವಾಸ್ಯೆಯ ಖಾಲಿ ಕ್ಯಾನುಗಳು

ನನ್ನ ಮಗಳು ಚೈತ್ರಾ ತುಪ್ಪ ಮಾರುತ್ತಾಳೆ. ಶುರು ಮಾಡಿದ್ದು ನಮ್ಮ ಮನೆಯವರು. ಗುತ್ತೂರಿನಲ್ಲಿ ಹಾಲು ಕೂಡಿಸಿ, ಬೆಣ್ಣೆ ತೆಗೆದು ತುಪ್ಪ ಕಾಯಿಸಿ, ಸೈಕಲ್ಲಿನಲ್ಲಿ ದಾವಣಗೆರೆಯ ಹೋಟೆಲುಗಳಿಗೆ ಒಯ್ಯುತ್ತಿದ್ದರು. ಅವರು ಹಾಸಿಗೆ ಹಿಡಿದಾಗ ಚೈತ್ರಾ ಕೈ ಹಾಕಿದಳು. ಹರಿಹರದ ಹೊರಗೆ ಶೆಡ್ ಕಟ್ಟಿಸಿದಳು, ಯಂತ್ರ ತಂದಳು. ದುಬೈಗೆ ಹೋಗುವ ಡಬ್ಬಿ ನೋಡಿ ಅವರು ನಕ್ಕರು. ಆ ವರ್ಷದ ಯುಗಾದಿಗೆ ತೀರಿಕೊಂಡರು.

ಈಗ ಸಿಂಗಪುರಕ್ಕೂ ಹೋಗುತ್ತದೆ. ಮೊನ್ನೆ ಹತ್ತು ದೇಶಗಳಲ್ಲಿ ಅಂಗಡಿಯಿರುವ ಕಂಪನಿಯ ಸಾಹೇಬ ಬರುವವನಿದ್ದ. ಯಂತ್ರ ನಡೆಯುವುದನ್ನು ನೋಡಿ ತುಪ್ಪ ಕೊಳ್ಳಲು ಒಪ್ಪಬೇಕು. ಒಪ್ಪದಿದ್ದರೆ ಅವನನ್ನೇ ನಂಬಿ ಕಟ್ಟಿಸಿದ ಹೊಸ ಶೆಡ್ಡು ಸುಮ್ಮನೆ ನಿಲ್ಲುತ್ತದೆ. ನನಗೆ ಊಟ ಸೇರಲಿಲ್ಲ.

ಅವನು ಬರುವ ದಿನ ಬೆಳಿಗ್ಗೆ ಹಾಲಿನ ಗಾಡಿ ಗಡಗಡ ಸದ್ದು ಮಾಡುತ್ತ ಬಂತು. ತುಂಬಿದ ಕ್ಯಾನು ಹಾಗೆ ಸದ್ದು ಮಾಡುವುದಿಲ್ಲ.

"ಹಾಲೆಲ್ಲಿ ಮಾರಪ್ಪಾ?" ಎಂದಳು ಚೈತ್ರಾ.

"ಅಮಾಸಿ ಐತಲ್ಲವ್ವಾ! ನಿನ್ನ ಕಂಪ್ಯೂಟರ್‌ನಾಗೆ ಅಮಾಸಿ ಬರಂಗಿಲ್ಲೇನು?" ಎಂದ ಗಾಡಿಯ ಮಾರಪ್ಪ, ತೊಳೆಯಲು ತಂದ ಖಾಲಿ ಕ್ಯಾನು ಇಳಿಸುತ್ತ.

ನಮಗೆ ಹಾಲು ಹಾಕುವ ಮನೆಯವರು ಅಮಾವಾಸ್ಯೆ ದಿನ ಮಾರುವುದಿಲ್ಲ. ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಒಂದಿಷ್ಟು, ಉಳಿದದ್ದು ಕರುಗಳಿಗೆ. ಅವತ್ತು ಊರಿನ ಡೇರಿಗೂ ರಜೆ. ಹುಟ್ಟಿದಾಗಿನಿಂದ ಇದನ್ನು ನೋಡಿದ ಚೈತ್ರಾ, ಫೋನಿನಲ್ಲಿ ಸಾಹೇಬನಿಗೆ ದಿನ ಕೊಡುವಾಗ ಮರೆತಿದ್ದಳು.

"ದಾವಣಗೆರಿಯಿಂದ ಟ್ಯಾಂಕರ್ ತರಿಸ್ತೀನವ್ವಾ. ಯಾವ ಹಾಲು ಅಂತ ಅವ್ನಿಗೇನು ಗೊತ್ತಾಗ್ತತಿ?" ಎಂದಳು ನನ್ನ ಕಡೆ ತಿರುಗಿ.

"ಡಬ್ಬಿ ಮ್ಯಾಲೆ ಗುತ್ತೂರಿನ ಹಾಲು ಅಂತ ಬರ್ಸೀಯಲ್ಲ?" ಎಂದೆ.

ಫೋನು ಹಿಡಿದು ನಿಂತಳು. ಮಾತು ಆಡಿಬಿಟ್ಟಿದ್ದೆ, ಅವಳ ಕೆಲಸ ಕೆಟ್ಟರೆ? ಅವಳು ಫೋನು ಕೆಳಗಿಟ್ಟಳು.

ಸಾಹೇಬ ಬಂದ. ತಣ್ಣಗಿದ್ದ ಯಂತ್ರ ನೋಡಿ ಮುಖ ಗಂಟಿಕ್ಕಿದ. ಚೈತ್ರಾ ಅವನನ್ನು ಕಾರಿನಲ್ಲಿ ಗುತ್ತೂರಿಗೆ ಕರೆದೊಯ್ದಳು. ನಾನೂ ಹೋದೆ. ನಮಗೆ ಹಾಲು ಹಾಕುವ ಓಬವ್ವನ ಕೊಟ್ಟಿಗೆಯಲ್ಲಿ ಕರು ಬಾಯಿತುಂಬ ನೊರೆ ಮಾಡಿಕೊಂಡು ಕುಡಿಯುತ್ತಿತ್ತು. "ನಿಮ್ಮ ಹಾಲು ಇಲ್ಲೈತಿ ನೋಡ್ರಿ," ಎಂದಳು ಓಬವ್ವ. ಚೈತ್ರಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವನು ನಗಲಿಲ್ಲ. ನಾಳೆ ನೋಡುತ್ತೇನೆ ಎಂದನಂತೆ.

ಮರುದಿನ ಬೆಳಕು ಹರಿಯುವ ಮೊದಲೇ ಗೇಟಿನಲ್ಲಿ ನಿಂತೆ. ಗಾಡಿ ಸದ್ದಿಲ್ಲದೆ ಬಂತು. ನಮ್ಮ ಮನೆಯವರಿಗೆ ಹೇಳೋಣ ಅಂತ ಹಿಂದೆ ತಿರುಗಿದೆ. ಯಾರೂ ಇರಲಿಲ್ಲ.

ಯಂತ್ರ ನಡೆಯಿತು. ಸಾಹೇಬ ಒಪ್ಪಿದ. ಚೈತ್ರಾ ನನ್ನನ್ನು ತಬ್ಬಿಕೊಂಡಳು.

ನನಗಿನ್ನೂ ಊಟ ಸೇರುತ್ತಿಲ್ಲ. ಹತ್ತು ದೇಶದವರು ದಿನಾ ತುಪ್ಪ ಕೇಳುತ್ತಾರೆ. ಕರುಗಳ ಆ ಒಂದು ದಿನ ಎಷ್ಟು ಕಾಲ ಉಳಿದೀತು?