ಚಟ್ ಎನ್ನದ ಕೋಲು

ಶ್ರೀನಿವಾಸಪುರದ ಆ ಮನೆಗೆ ಹೋಗುವುದನ್ನು ಬಿಟ್ಟು ಎರಡು ಮಾವಿನ ಸುಗ್ಗಿ ಕಳೆದವು. ಆದರೂ ಯಾವುದಾದರೂ ಸ್ವಿಚ್ ಆರಿಸಿದ ಮೇಲೆ ನನ್ನ ಕಿವಿ ಒಂದು ಸದ್ದಿಗಾಗಿ ಕಾಯುತ್ತದೆ.

ಆ ಮನೆಯ ಯಜಮಾನರು ಕೋಲಾರದ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು. ನಿವೃತ್ತರಾದ ಮೇಲೆ, ಮನೆಯಿಂದಲೇ ಊರೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಅವರ ಧರ್ಮವಾಗಿತ್ತು. ಆ ಧರ್ಮದ ದೇವರೂ ಅವರೇ. ಭಾನುವಾರ ನಾನು ಮುಳಬಾಗಿಲಿನಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಗುಜರಿಯಿಂದ ಆರಿಸಿ ತಂದ, ಬಲ್ಬಿನಂಥ ಗಾಜಿನ ಹಳೆಯ ಟ್ರಾನ್ಸ್‌ಮಿಟರ್ ವಾಲ್ವ್‌ಗಳನ್ನು ಅವರು ಪರೀಕ್ಷಿಸುತ್ತಿದ್ದರು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ವಾಲ್ವ್ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಮೂರು ಸಾವಿರ ವೋಲ್ಟ್ ಕೊಟ್ಟು, ಒಳಗೆ ಎಷ್ಟು ಕರೆಂಟ್ ಸೋರುತ್ತದೆಂದು ಮೀಟರಿನಲ್ಲಿ ನೋಡುವುದು. ಮುಗಿದ ಮೇಲೆ ಸ್ವಿಚ್ ಆರಿಸಿದರೆ ಸಾಲದು, ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಸಾಯಿಸುವಷ್ಟು ಉಳಿದಿರುತ್ತದೆ. ಅದಕ್ಕೆಂದೇ ಒಂದು ಕೋಲಿತ್ತು: ಒಣ ಬಿದಿರು, ತುದಿಗೆ ತಾಮ್ರದ ಕೊಕ್ಕೆ, ಕೊಕ್ಕೆಯಿಂದ ಪರೀಕ್ಷೆಯ ಪೆಟ್ಟಿಗೆಯ ತಗಡಿಗೆ ಒಂದು ವೈರು. ವಾಲ್ವಿನ ನೆತ್ತಿಗೆ ಕೊಕ್ಕೆ ಮುಟ್ಟಿಸಿದರೆ ಚಟ್ ಎಂದು ಕಿಡಿ ಹಾರಿ ಎಲ್ಲ ಖಾಲಿ.

ಆ ಚಟ್ ಕೇಳಿದ ಮೇಲೇ ಅವರ ಹೆಂಡತಿ ಅಡುಗೆಮನೆಯಿಂದ ಕಾಫಿ ತರುತ್ತಿದ್ದರು, ಅದೂ ಬಾಗಿಲವರೆಗೆ. ಗೌನಿಪಲ್ಲಿ ಕಡೆಯ, ತೆಲುಗು ಬೆರೆತ ಮಾತಿನ ಹೆಂಗಸು, ಹೆಚ್ಚು ಓದಿದವರಲ್ಲ. ಒಳಗೆ ಕಾಲಿಡಬಾರದೆಂದು ಯಜಮಾನರ ಅಪ್ಪಣೆ.

ಆ ಭಾನುವಾರ ನಾನು ಹೋದಾಗ ಸರ್ ಅಂಗಳದಲ್ಲಿ ನಿಂತು ಅದೇ ಕೋಲಿನಿಂದ ಬಾದಾಮಿ ಮಾವಿನ ಹಣ್ಣು ಕೀಳುತ್ತಿದ್ದರು.

"ದೋಟಿ ಮುರಿದಿದೆ ಕಣಯ್ಯಾ. ಕೊಕ್ಕೆ ಯಾವುದಾದ್ರೇನು?"

ಕೊಕ್ಕೆಯ ವೈರು ಕಳಚಿ ಒಳಗೇ ಬಿಟ್ಟಿದ್ದರು. ಮತ್ತೆ ಸಿಕ್ಕಿಸುತ್ತಾರೆ ಎಂದುಕೊಂಡೆ.

ಸಿಕ್ಕಿಸಲಿಲ್ಲ. ವಾಲ್ವ್ ಪರೀಕ್ಷಿಸುವಷ್ಟು ಹೊತ್ತೂ ಬೇರೆಯವರನ್ನು ಹಳಿಯುತ್ತಿದ್ದರು. "ಈಗಿನ ಹುಡುಗ್ರು ಅಂಗೈಯಗಲದ ಸೆಟ್ ಕೊಂಡ್ಕೊಂಡು ನಾವೂ ಹ್ಯಾಮ್ ಅಂತಾರೆ. ವಾಲ್ವ್ ತೋರಿಸಿದ್ರೆ ಬಲ್ಬಾ ಸಾರ್ ಅಂತಾರೆ." ಸ್ವಿಚ್ ಆರಿಸಿದರು. ಕೊಕ್ಕೆ ಮುಟ್ಟಿಸಿದರು. ಸದ್ದಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ವಾಲ್ವಿನ ನೆತ್ತಿಯ ಲೋಹಕ್ಕೆ ಕೈ ಚಾಚಿದರು.

ವೈರಿಲ್ಲದ ಕೊಕ್ಕೆ, ಹಾರದ ಕಿಡಿ, ಎಲ್ಲ ಕಂಡಿತ್ತು ನನಗೆ. ಆದರೆ ಬೋರ್ಡಿನ ಮೇಲಿನ ತಪ್ಪು ತೋರಿಸಿದವನನ್ನು ಒಂದು ವಾರ ತರಗತಿಯ ಹೊರಗೆ ನಿಲ್ಲಿಸಿದ ಮನುಷ್ಯ ಇವರು. ಪದವಿ ಪಡೆದ ನನ್ನ ನಾಲಗೆ ಆ ಭಯದಲ್ಲೇ ಇನ್ನೂ ನಿಂತಿತ್ತು.

"ಏಮಂಡೀ, ಚಟ್ ಅನ್ಲೇ ಇಲ್ವಲ್ಲ," ಬಾಗಿಲಲ್ಲಿ ಅವರ ಹೆಂಡತಿ. "ಕಾಫಿ ಬೆರೆಸ್ಲೋ ಬೇಡ್ವೋ?"

ಕೈ ಗೇಣು ದೂರದಲ್ಲಿ ನಿಂತಿತು.

"ನಿನ್ ಕಾಫಿಗೂ ಇದಕ್ಕೂ ಏನೇ ಸಂಬಂಧ? ಎಲ್ಲಾ ಖಾಲಿಯಾಗಿದೆ."

"ಖಾಲಿಯಾಗಿದ್ರೆ ಸರಿ. ನಂಗಂತೂ ಕೇಳಿಸ್ಲಿಲ್ಲ."

ನನ್ನೆದುರು ಆಕೆಯನ್ನು ಪೆದ್ದಿ ಮಾಡಲೇಬೇಕಿತ್ತು ಅವರಿಗೆ. "ನೋಡು ಹಾಗಾದ್ರೆ," ಎಂದು ಉದ್ದ ಹಿಡಿಯ ಸ್ಕ್ರೂಡ್ರೈವರ್ ತೆಗೆದು ಆ ಲೋಹಕ್ಕೂ ಪೆಟ್ಟಿಗೆಗೂ ಸೇರಿಸಿ ಒತ್ತಿದರು. ಪಟಾಕಿ ಸಿಡಿದಂತಾಯಿತು. ನೀಲಿ ಬೆಳಕು, ಸುಟ್ಟ ವಾಸನೆ, ತುದಿ ಕರಗಿದ ಸ್ಕ್ರೂಡ್ರೈವರ್.

ಸರ್ ಅದನ್ನು ಕೆಳಗಿಟ್ಟು ಹೇಳಿದರು: "ಬಿದಿರು ತೇವ ಹಿಡಿದಿರ್ಬೇಕು."

ಮೂವತ್ತು ವರ್ಷ ವಿದ್ಯುತ್ತಿನ ಪಾಠ ಮಾಡಿದವರ ಮಾತು ಇದು. ಬಿದಿರು ತೇವವಾಗಿದ್ದರೆ ಕೊಕ್ಕೆ ಮುಟ್ಟಿಸಿದಾಗಲೇ ಕರೆಂಟ್ ಕೈಗಿಳಿದು ಅವರ ಕಥೆ ಮುಗಿಯುತ್ತಿತ್ತು. ಅವರ ಹೆಂಡತಿ ಹೋಗಿ ಕಾಫಿ ತಂದರು.

ಆ ವಾರವೇ, ನಾವು ಜಿಲ್ಲೆಯ ಹ್ಯಾಮ್‌ಗಳೆಲ್ಲ ರೇಡಿಯೋದಲ್ಲಿ ಸೇರುವ ಸಂಜೆ, ಸರ್ ಕಥೆ ಹೇಳಿದರು. "ಸದ್ದು ಬರ್ದೇ ಇದ್ದಿದ್ನ ನಾನು ತಕ್ಷಣ ಗಮನಿಸ್ದೆ. ಅನುಭವ ಅಂದ್ರೆ ಅದು." ಮಾಲೂರಿನವರೊಬ್ಬರು ಭೇಷ್ ಎಂದರು. ಕೋಲಾರದವರೊಬ್ಬರು ಇದನ್ನು ಎಲ್ಲರೂ ಬರೆದಿಟ್ಟುಕೊಳ್ಳಬೇಕು ಎಂದರು. ಸರ್ ಮೈಕಿನ ಹಿಂದೆ ಯಾರೋ ಲೋಟ ಇಟ್ಟ ಸದ್ದು ಕೇಳಿತು.

ನನ್ನ ಸರದಿ ಬಂತು. ಮೈಕಿನ ಗುಂಡಿ ಒತ್ತಿದೆ.

"ನಿಮ್ಮ ಸಿಗ್ನಲ್ ಚೆನ್ನಾಗಿದೆ, ಸರ್," ಎಂದಷ್ಟೇ ಹೇಳಿ ಗುಂಡಿ ಬಿಟ್ಟೆ.