ನಂಬರಿನಿಂದ ಹೆಸರಿಗೆ

ಮುಂಬೈನ ವಿಲೆ ಪಾರ್ಲೆಯ ನಮ್ಮ ಆಫೀಸಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದವರು ಉಡುಪಿ ಕಡೆಯವರು. ಡಿಎನ್‌ಎಸ್, ಅಂದರೆ ಕಂಪ್ಯೂಟರುಗಳ ಹೆಸರಿಗೂ ನಂಬರಿಗೂ ಜೋಡಿ ಹಾಕುವ ಕೆಲಸವನ್ನು ನಾನು ಅವರ ಕೈಕೆಳಗೇ ಕಲಿತೆ. ಹೆಸರು ಕೊಟ್ಟರೆ ಕಂಪ್ಯೂಟರಿನ ನಂಬರು ಹೇಳುವ ಪಟ್ಟಿಯನ್ನು ಎಲ್ಲರೂ ಮಾಡುತ್ತಾರೆ. ನಂಬರು ಕೊಟ್ಟರೆ ಹೆಸರು ಹೇಳುವ ಪಟ್ಟಿ ಬೇರೆಯೇ ಇದೆ. ಅದನ್ನು ಮರೆಯುವವರೇ ಹೆಚ್ಚು. ನಾನು ಕೆಲಸ ಮುಗಿಸಿ ಏಳುವುದೇ ತಡ, ಅವರು ಕನ್ನಡಕವನ್ನು ಹಣೆಗೇರಿಸಿ, "ತಿರುಗಿಸಿ ಕೇಳಿ ನೋಡಿದೆಯಾ?" ಎನ್ನುತ್ತಿದ್ದರು. ಯಾರಾದರೂ ಫೋನ್ ನಂಬರು ಕೊಟ್ಟರೂ ಅವರೆದುರೇ ರಿಂಗ್ ಮಾಡಿ ನೋಡುತ್ತಿದ್ದರು. ನನಗಿದು ಸ್ವಲ್ಪ ಅತಿಯೆನಿಸುತ್ತಿತ್ತು.

ನಮ್ಮಲ್ಲಿ ಪ್ರತಿ ಕಂಪ್ಯೂಟರಿಗೂ ಅದರ ಮುಂದೆ ಕೂರುವವರದೇ ಹೆಸರು. ನಿವೃತ್ತಿಯ ದಿನ ಮಧ್ಯಾಹ್ನ, ತಮ್ಮ ಹೆಸರನ್ನು ತೆಗೆದುಬಿಡಲು ಅವರು ನನಗೆ ಹೇಳಿದರು. ಮೊದಲ ಪಟ್ಟಿಯಿಂದ ತೆಗೆದೆ. ಎಲ್ಲೋ ಒಂದು ಕಡೆ ಇರಲಿ ಎಂದು ಎರಡನೆಯದರಲ್ಲಿ ಬೇಕೆಂದೇ ಬಿಟ್ಟೆ.

ಅವರು ತಮ್ಮ ಕಂಪ್ಯೂಟರಿನ ನಂಬರು ಕೊಟ್ಟು ತಿರುಗಿಸಿ ಕೇಳಿದರು. ಪರದೆಯ ಮೇಲೆ ಅವರ ಹೆಸರೇ ಬಂತು.

"ಇರಲಿ ಬಿಡಿ ಸರ್, ಯಾರಿಗೇನು ಪ್ರಾಬ್ಲಮ್?" ಎಂದೆ.

"ನಾಳೆ ಈ ನಂಬರಿಗೆ ಬೇರೆಯವರು ಬರ್ತಾರಲ್ಲ ಮಾರಾಯ್ತಿ. ಅವರು ಮಾಡಿದ ಕೆಲಸಕ್ಕೆ ನನ್ನ ಹೆಸರು ಯಾಕೆ?"

ಆ ಸಾಲನ್ನು ತಾವೇ ಅಳಿಸಿದರು. ಮತ್ತೊಮ್ಮೆ ಕೇಳಿದರು. ಈ ನಂಬರಿಗೆ ಯಾವ ಹೆಸರೂ ಇಲ್ಲ ಎಂದು ಉತ್ತರ ಬಂದಾಗ ಸರಿ ಎಂಬಂತೆ ತಲೆಯಾಡಿಸಿ, ಕನ್ನಡಕವನ್ನು ಕಿಸೆಗಿಟ್ಟುಕೊಂಡು, ಲೋಕಲ್ ರೈಲು ಹಿಡಿಯಲು ಎದ್ದರು.